ಮನ್ಯಾಗ ಓದಿಸ್ರಿ ಅಂದ್ರ ಯಾರು ಓದಿಸ್ಬೇಕ್ರಿ?

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ತಾಯಿ ಪತ್ರ ಕಳಿಸ್ಯಾರ. ಹೇಳಿದ್ದು ಅವರು, ಬರದದ್ದು ಹೈಸ್ಕೂಲ್ ಓದೋ ಮಗಳು. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಿಲ್ಲ. ಪತ್ರದ ಸಾರ ಇಷ್ಟು: ಮಗ ಸರ್ಕಾರಿ ಸಾಲ್ಯಾಗ ಮೂರನೇ ಕ್ಲಾಸ್, ಓದು ಅಂದ್ರ ಒತ್ತಕ್ಷರ ಬಂದಲ್ಲಿ ನಿಂತುಬಿಡ್ತಾನ. ಪಾಲಕರ ಮೀಟಿಂಗ್ ಅಂತ ಕರೀತಾರ, ಒಂದು ದಿನದ ಕೂಲಿ ಬಿಟ್ಟು ಹೋದ್ರ ಬುಕ್‌ನಾಗ ಹೆಬ್ಬೆಟ್ಟು ಒತ್ತಿಸ್ಕೊಂಡು ಚಾ ಕೊಟ್ಟು ಕಳಿಸ್ತಾರ. ಮಗಂದು ಹೆಂಗ ನಡದದ ಅಂತ ಕೇಳಿದ್ರ "ಮನ್ಯಾಗ ನೀವೂ ಸ್ವಲ್ಪ ಓದಿಸ್ರಿ" ಅಂತಾರ. "ನನಗ ಅಕ್ಷರ ಬರಂಗಿಲ್ಲ, ಮನ್ಯಾಗ ಮಾತಾಡೋದು ತೆಲುಗು, ಹತ್ತಿ ಬಿಡಿಸೋ ಟೈಮಿಗೆ ನಾವು ಊರಾಗ ಇರಂಗಿಲ್ಲ, ನಾ ಏನ್ ಓದಿಸ್ಲಿ? ಹೋಗ್ಲಿ ಅದೇ ಕ್ಲಾಸ್‌ನಾಗ ಇನ್ನೊಂದು ವರ್ಷ ಕೂಡಿಸ್ರಿ ಅಂದ್ರ ಅದೂ ಆಗಂಗಿಲ್ಲ ಅಂದ್ರು" ಅಂತ ಬರ್ಸ್ಯಾರ.

ಅಕ್ಕಾರ, ಓದಿಸೋದು ಸಾಲಿ ಕೆಲಸ. ಅಕ್ಷರ ಬರಲಾರದ ತಾಯಿಗೆ "ಮನ್ಯಾಗ ಓದಿಸ್ರಿ" ಅಂತ ಹೇಳಿ ಕಳ್ಸೋದು ಉತ್ತರ ಅಲ್ಲ, ಬಾಗಿಲು ತೋರ್ಸಿದಂಗ. ಆದ್ರ ನಿಮ್ಮ ಕಡೆಯಿಂದ ಏನೂ ಆಗಂಗಿಲ್ಲ ಅಂತ ನೀವು ತಿಳ್ಕೊಂಡಿರೋದೂ ಸರಿ ಇಲ್ರಿ. ನಿಮ್ಮ ಹತ್ರ ಸಾಲಿಗೆ ಗೊತ್ತಿಲ್ಲದ ಸಂಗತಿ ಅದಾವ, ಸಾಲಿ ಹತ್ರ ನಿಮಗ ತೋರಿಸ್ಬೇಕಾದ ಸಂಗತಿ ಅದಾವ, ಮೀಟಿಂಗ್‌ನಾಗ ಈ ಎರಡೂ ಬಿಟ್ಟು ಉಳಿದದ್ದೆಲ್ಲಾ ನಡೀತದ.

ಮುಂದಿನ ಸಲ ಹೋದಾಗ ಆಫೀಸ್ ರೂಮ್‌ನಾಗ ಕೂಡಬ್ಯಾಡ್ರಿ, ಮಗನ ಕ್ಲಾಸಿಗೇ ಹೋಗ್ರಿ. ಒಂದರಿಂದ ಮೂರನೇ ಕ್ಲಾಸ್ ತನಕ ನಮ್ಮ ಸರ್ಕಾರಿ ಸಾಲ್ಯಾಗ ನಲಿ-ಕಲಿ ಅಂತ ಆಟ, ಚಟುವಟಿಕಿ, ಕಾರ್ಡ್ ಮ್ಯಾಲ ಕಲಿಸೋ ಪದ್ಧತಿ ನಡೀತದ, 1995ರಾಗ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ಕಡೆ ಶುರುವಾಗಿ 2009-10ಕ್ಕ ರಾಜ್ಯದ ಎಲ್ಲಾ ಕನ್ನಡ ಸರ್ಕಾರಿ ಸಾಲಿಗೂ ಬಂತು. ಅಲ್ಲಿ ಗೋಡಿ ಮ್ಯಾಲ ಒಂದು ಏಣಿ ಚಿತ್ರ ಇರ್ತದ, ಕಲಿಕಾ ಏಣಿ ಅಂತಾರ. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ನಂಬರ್, ಅದೇ ಗುರುತಿನ ಕಾರ್ಡ್ ತಗೊಂಡು ಮಗು ತನ್ನ ಗುಂಪಿನ್ಯಾಗ ಹೋಗಿ ಕೂಡ್ತದ. ಟೀಚರ್ ಪೂರ್ತಿ ಹೇಳಿಕೊಡಬೇಕಾದ ಮಕ್ಕಳು ಒಂದು ಗುಂಪು, ಜತಿ ಮಕ್ಕಳ ಸಹಾಯದಾಗ ಕಲಿಯೋರು ಇನ್ನೊಂದು, ತಮ್ಮಷ್ಟಕ್ಕ ತಾವೇ ಮಾಡೋರು ಮತ್ತೊಂದು, ಹಿಂಗ ಐದು. ಯಾವ ಮಗು ಎಲ್ಲಿ ತನಕ ಮುಗಿಸ್ಯದ ಅಂತ ಪ್ರಗತಿ ನೋಟದಾಗ ಗುರುತು ಹಾಕಿರ್ತಾರ.

ಇದನ್ಯಾಕ ಇಷ್ಟು ಉದ್ದ ಹೇಳಾಕತ್ತೀನಿ ಅಂದ್ರ, ಆ ಏಣಿ ನೋಡಾಕ ಅಕ್ಷರ ಬರಬೇಕಂತಿಲ್ಲ. "ನಮ್ಮ ಹುಡುಗ ಎಲ್ಲಿ ಅದಾನ, ಬೆರಳಿಟ್ಟು ತೋರಿಸ್ರಿ ಮೇಡಂ" ಅನ್ರಿ. ತೋರಿಸ್ತಾರ. ಆ ಚಿತ್ರ ನೆನಪಿಟ್ಕೊಳ್ರಿ, ತಿಂಗಳು ಬಿಟ್ಟು ಮತ್ತ ಹೋದಾಗ ಅದೇ ಚಿತ್ರದ ಮ್ಯಾಲ ಇದ್ರ "ಇಲ್ಲಿ ಯಾಕ ನಿಂತಾನ್ರಿ, ಈಗ ಯಾವ ಗುಂಪಿನ್ಯಾಗ ಕೂಡ್ತಾನ" ಅಂತ ಕೇಳ್ರಿ. "ಹುಷಾರದಾನ, ಪರವಾಗಿಲ್ಲ" ಅನ್ನೋ ಮಾತು ಅಲ್ಲಿ ನಡೆಯಂಗಿಲ್ಲ. ನಾ ನೋಡಿದಂಗ, ಪಾಲಕರು ಬಂದು ಕೇಳ್ತಾರ ಅಂತ ಗೊತ್ತಾದ್ರ ಸಾಕು ಆ ಮಗುವಿನ ಕಡೆ ಟೀಚರ್ ಕಣ್ಣು ಒಂದು ಸಲ ಜಾಸ್ತಿ ಹೋಗ್ತದ. ಜಗಳ ತಗೀಬೇಕಂತಿಲ್ಲ.

ಟೀಚರ್ ಕಡೆಯಿಂದಾನೂ ಸ್ವಲ್ಪ ನೋಡ್ರಿ. ಒಂದೇ ರೂಮ್‌ನಾಗ ಒಂದು ಎರಡು ಮೂರು ಎಲ್ಲಾ ಕೂಡೇ ಇರ್ತಾವ, ಮ್ಯಾಲ ಬಿಸಿಯೂಟದ ಲೆಕ್ಕ, ಮೊಟ್ಟಿ ಲೆಕ್ಕ, ಆನ್‌ಲೈನ್ ಎಂಟ್ರಿ, ಇಲೆಕ್ಷನ್ ಬಂದ್ರ ಅದು, ಗಣತಿ ಬಂದ್ರ ಅದು, ನಮ್ಮ ಕಲ್ಯಾಣ ಕರ್ನಾಟಕದಾಗ ಖಾಲಿ ಹುದ್ದೆ ಕಥಿ ನಿಮಗೇನು ಹೊಸಾದಲ್ಲ, ಅತಿಥಿ ಶಿಕ್ಷಕರ ಮ್ಯಾಲೇ ಎಷ್ಟೋ ಸಾಲಿ ನಿಂತಾವ. ಅದಕ್ಕ ಅವರು "ಮನ್ಯಾಗ ಓದಿಸ್ರಿ" ಅಂತಾರ. ಅರ್ಥ ಆಗ್ತದ, ಆದ್ರ ಒಪ್ಪಂಗಿಲ್ಲ.

ನೀವು ಹೇಳಬೇಕಾದದ್ದು ಏನು ಅಂದ್ರ, ಮೊದಲನೇದು ತೆಲುಗು. ರಾಯಚೂರು ಬಳ್ಳಾರಿ ಗಡಿ ಕಡೆ ಎಷ್ಟು ಮನ್ಯಾಗ ತೆಲುಗು, ತಾಂಡಾದಾಗ ಲಂಬಾಣಿ, ಮತ್ತೊಂದು ಓಣ್ಯಾಗ ಉರ್ದು. ಮಗು ಕ್ಲಾಸ್‌ನಾಗ ಸುಮ್ನ ಕುಂತ್ರ ದಡ್ಡ ಅಂತಾರ, ಆದ್ರ ಅದಕ್ಕ ಪುಸ್ತಕದ ಕನ್ನಡ ತಿಳಿದಿರಂಗಿಲ್ಲ ಅಷ್ಟೇ. ನಿಮ್ಮ ಟೀಚರ್ ಧಾರವಾಡ ಕಡೆಯಿಂದಲೋ ಹಾಸನ ಕಡೆಯಿಂದಲೋ ಬಂದಿದ್ರ ಇದು ಅವರ ತಲಿಗೇ ಹೊಳದಿರಲಿಕ್ಕಿಲ್ಲ, ನೀವೇ ಹೇಳ್ರಿ. ಮನ್ಯಾಗ ತೆಲುಗು ನಿಲ್ಸಾಕ ಮಾತ್ರ ಹೋಗಬ್ಯಾಡ್ರಿ, ಮಾತು ಜಾಸ್ತಿ ಇರೋ ಮನಿ ಮಗು ಯಾವ ಭಾಷಾನೂ ಬೇಗ ಹಿಡೀತದ.

ಎರಡನೇದು ಕಣ್ಣು ಕಿವಿ. ಬೋರ್ಡ್ ಕಾಣ್ತದೋ ಇಲ್ಲೋ, ಹಿಂದಿನಿಂದ ಕೂಗಿದ್ರ ತಿರುಗ್ತಾನೋ ಇಲ್ಲೋ ನೋಡ್ರಿ. ಆರ್‌ಬಿಎಸ್‌ಕೆ ಅಂತ ಡಾಕ್ಟರ್ ಟೀಂ ವರ್ಷಕ್ಕೊಮ್ಮೆ ಸರ್ಕಾರಿ ಸಾಲಿಗೆ ಬಂದು ಮಕ್ಕಳನ್ನ ನೋಡ್ತದ. ಆ ದಿನ ಮಗ ಗೈರಾಗಿದ್ರ ಹೆಡ್ ಮಾಸ್ತರ್‌ಗೆ ಹೇಳಿ ತಾಲ್ಲೂಕು ಆಸ್ಪತ್ರಿಗೆ ಬರ್ಸಿಕೊಳ್ರಿ.

ಇನ್ನ ಅದೇ ಕ್ಲಾಸಿಗೆ ಕೂಡ್ಸೋ ಮಾತು. ಮೇಡಂ ಹೇಳಿದ್ದು ಸರಿ ಅದ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಣ್ಣ ಕ್ಲಾಸ್‌ನಾಗ ಯಾರನ್ನೂ ಫೇಲ್ ಮಾಡಂಗಿಲ್ಲ, 2019ರಾಗ ತಿದ್ದುಪಡಿ ಆದಮ್ಯಾಲೂ ರಾಜ್ಯಗಳಿಗೆ ಬಿಟ್ಟಿದ್ದು ಐದು ಮತ್ತ ಎಂಟನೇ ಕ್ಲಾಸ್ ಮಾತ್ರ. ಮತ್ತ ಕೂಡ್ಸಿದ್ರ ಏನ್ ಆಗ್ತದ್ರಿ? ಅದೇ ಪಾಠ ಅದೇ ರೀತಿ ಇನ್ನೊಂದು ಸಲ, ಜತಿ ಗೆಳೆಯರು ಮುಂದ ಹೋಗಿರ್ತಾರ, ಇವನು ಸಾಲಿ ಅಂದ್ರ ಹಿಂದ ಸರೀತಾನ. ಎಲ್ಲಿ ನಿಂತಾನೋ ಅಲ್ಲಿಂದ ಹೇಳಿಕೊಡ್ರಿ ಅಂತ ಕೇಳೋದು ನಿಮ್ಮ ಹಕ್ಕು. ಹಂಗೇ, ನಮ್ಮ ಕಡೆ ಪಾಲಕರಿಗೆ ಒಂದು ಚಟ ಅದ, "ನಾಕು ಬಾರಿಸ್ರಿ ಮೇಡಂ, ನಮ್ದೇನೂ ತಕರಾರಿಲ್ಲ" ಅನ್ನೋದು. ದಯವಿಟ್ಟು ಅನ್ನಬ್ಯಾಡ್ರಿ. ಅದೇ ಕಾಯ್ದೆ 17ನೇ ಕಲಂ ಪ್ರಕಾರ ಹೊಡಿಯೋದೂ ತಪ್ಪು, ಬಯ್ದು ಹೀಯಾಳಿಸೋದೂ ತಪ್ಪು, ನೀವು ಒಪ್ಪಿಗಿ ಕೊಟ್ರೂ ತಪ್ಪೇ.

ಮನ್ಯಾಗ ಏನು ಮಾಡ್ಬೇಕು ಅಂದ್ರ, ಓದಿಸಬ್ಯಾಡ್ರಿ, ಕೇಳ್ರಿ. ರೊಟ್ಟಿ ಬಡಿಯೋವಾಗ ಪಕ್ಕದಾಗ ಕೂಡ್ಸಿ ಇವತ್ತಿನ ಕಥಿ ಹೇಳು ಅನ್ರಿ, ಅಕ್ಕನ ಮುಂದ ನಾಕು ಸಾಲು ಓದಲಿ, ತಪ್ಪಿದ್ರ ಅಕ್ಕ ನಗಬಾರ್ದು. ಬಸ್ ಬೋರ್ಡ್ ಓದ್ಸ್ರಿ. ಹತ್ತಿ ಬಿಡಿಸಿದ್ದು ಕೇಜಿ ಲೆಕ್ಕದಾಗ ತೂಗ್ತಾರಲ್ರಿ, ಅಪ್ಪಂದು ಎಷ್ಟು ಕೇಜಿ, ಅಮ್ಮಂದು ಎಷ್ಟು, ಕೂಡ್ಸಿದ್ರ ಎಷ್ಟು, ಕೇಜಿಗೆ ಇಷ್ಟು ಅಂದ್ರ ವಾರಕ್ಕೆಷ್ಟು ರೊಕ್ಕ, ಆ ಲೆಕ್ಕ ಅವನ ಕೈಗೆ ಕೊಡ್ರಿ. ನಿಮಗೂ ಬೇಕಾದ ಲೆಕ್ಕ ಅದು, ಅವನೂ ಮನಸಿಟ್ಟು ಮಾಡ್ತಾನ.

ಎಸ್‌ಡಿಎಂಸಿ, ಅಂದ್ರ ಸಾಲಿ ಅಭಿವೃದ್ಧಿ ಮತ್ತ ಉಸ್ತುವಾರಿ ಸಮಿತಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. 2001ರಾಗ ಸರ್ಕಾರ ಆದೇಶ ಮಾಡಿ ಈ ಸಮಿತಿ ತಂದದ್ದು, ಈಗಿನ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದರಾಗ ಮುಕ್ಕಾಲು ಪಾಲು ಮಂದಿ ಪಾಲಕರೇ ಇರ್ಬೇಕು, ಅರ್ಧ ಹೆಣ್ಣುಮಕ್ಕಳು. ಓದು ಬರಹ ಬಂದ್ರ ಮಾತ್ರ ಮೆಂಬರ್ ಅಂತ ಎಲ್ಲೂ ಇಲ್ಲ. ಊರ ಗೌಡ್ರು ಸಾವ್ಕಾರ್ರು ಹೇಳಿದ ಹೆಸರು ಬರ್ಕೊಂಡು ಮುಗಿಸೋ ಪದ್ಧತಿ ಅದ, ಹೆಂಗಸರ ಹೆಸರು ಇದ್ರೂ ಮೀಟಿಂಗಿಗೆ ಗಂಡ ಬಂದು ಕೂಡ್ತಾನ. ಮುಂದಿನ ಸಲ ಆಯ್ಕೆ ಇದ್ದಾಗ ನೀವೇ ನಿಲ್ರಿ. ಹೆಬ್ಬೆಟ್ಟು ಒತ್ತೋ ಮುಂಚೆ "ಇದರಾಗ ಏನು ಬರದೀರಿ, ಓದಿ ಹೇಳ್ರಿ" ಅನ್ನೋದು ಮೆಂಬರ್ ಆಗದೇ ಇದ್ರೂ ಕೇಳಬಹುದು. ಅದಕ್ಕೂ ಬಗ್ಗಲಿಲ್ಲ ಅಂದ್ರ ಸಿಆರ್‌ಪಿ (ಸುತ್ತಲಿನ ಸಾಲಿಗಳನ್ನ ನೋಡ್ಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ರ ಹೋಗ್ರಿ, ಆಮ್ಯಾಲ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ. ಮೊದಲೇ ಮಾನ್ವಿಗೆ ಅರ್ಜಿ ಹಿಡ್ಕೊಂಡು ಓಡಬ್ಯಾಡ್ರಿ, ಮಗ ದಿನಾ ಕೂಡೋದು ಅದೇ ಟೀಚರ್ ಮುಂದ.

ಕಡೀಗೆ ಗುಳೆ ವಿಷಯ, ಇದಕ್ಕ ಜಲ್ದಿ ಮಾಡ್ರಿ. ದೀಪಾವಳಿ ಆಸುಪಾಸು ಹತ್ತಿ, ಸಂಕ್ರಾಂತಿ ಆದಮ್ಯಾಲ ಮೆಣಸಿನಕಾಯಿ, ಅಂದ್ರ ಸಾಲಿ ವರ್ಷದ ಅರ್ಧ ಅದ್ರಾಗೇ ಹೋಗ್ತದ. ಹೇಳದೇ ಕರ್ಕೊಂಡು ಹೋದ್ರ ಮಗು ಸಾಲಿ ಬಿಟ್ಟ ಲೆಕ್ಕಕ್ಕ ಬೀಳ್ತದ. ಅಜ್ಜಿ ಹತ್ರ ಬಿಡೋದಾದ್ರ ಟೀಚರ್‌ಗೆ ಅಜ್ಜಿ ಮುಖ ಪರಿಚಯ ಮಾಡ್ಸ್ರಿ, ಪಕ್ಕದ ಮನಿ ಫೋನ್ ನಂಬರ್ ಕೊಡ್ರಿ. ಗುಳೆ ಹೋಗೋರ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ಅಂತ ಇಲಾಖೆ ನಡೆಸ್ತದ, ನಿಮ್ಮ ಕಡೆ ಈ ವರ್ಷ ಎಲ್ಲಿ ತಗೀತಾರ ಅಂತ ಹತ್ತಿ ಶುರುವಾಗೋ ಮುಂಚೇನೇ ಸಿಆರ್‌ಪಿನ ಕೇಳಿ ಹೆಸರು ಬರೆಸ್ರಿ. ಜತಿಗೇ ಕರ್ಕೊಂಡು ಹೋಗೋದಾದ್ರ ಹೋದ ಊರಿನ ಸರ್ಕಾರಿ ಸಾಲಿಗೆ ಹಾಕ್ರಿ, ಟಿಸಿ ತಡಾ ಆತು ಅಂತ ಅಥವಾ ವರ್ಷದ ನಡುವ ಬಂದೀರಿ ಅಂತ ಅವರು ವಾಪಸ್ ಕಳ್ಸಂಗಿಲ್ಲ, ಕಾಯ್ದೆದಾಗೇ ಅದ. ಕಳ್ಸಿದ್ರ ಆ ಊರಿನ ಹೆಸರು, ತಾರೀಖು ಬರ್ಕೊಂಡು ನಮಗ ತಿಳಸ್ರಿ, ಮುಂದಿನ ಸಂಚಿಕ್ಯಾಗ ಅದನ್ನೇ ಕೇಳೋಣ.