ಎಡಿನ್‌ಬರೋದ ಬಿಸಿಲನ್ನು ಶನಿವಾರಕ್ಕೆ ಎತ್ತಿಡಬೇಡಿ

ಸ್ಕಾಟ್‌ಲೆಂಡ್‌ನ ಎಡಿನ್‌ಬರೋಗೆ ಬಂದು ಒಂದು ಚಳಿಗಾಲ ಕಳೆದಿದ್ದೀರಿ. ಬಿಸಿಲು ಬಂತೆಂದು ತಿಳಿಯುವಷ್ಟರಲ್ಲಿ ಹೋಗಿರುತ್ತದೆ, ಒಳ್ಳೆಯ ದಿನಗಳನ್ನು ಮೊದಲೇ ಗುರುತಿಸಿ ರಜೆ ಹಾಕುವುದು ಹೇಗೆ ಎಂದು ಕೇಳಿದ್ದೀರಿ. ರಾಯಚೂರಿನಿಂದ ಬಂದ ಹೊಸದರಲ್ಲಿ ನಾನೂ ಇದೇ ಲೆಕ್ಕದಲ್ಲಿದ್ದೆ. ನಮ್ಮೂರಲ್ಲಿ ಬಿಸಿಲಿಗಾಗಿ ಯಾರೂ ಕಾಯುವುದಿಲ್ಲ. ಏಪ್ರಿಲ್‌ನಲ್ಲಿ ಸಂಡಿಗೆ ಇಡುವುದು ಇಂದು ಆಗದಿದ್ದರೆ ನಾಳೆ, ನಾಳೆ ಆಗದಿದ್ದರೆ ಮುಂದಿನ ವಾರ. ಆ ಭರವಸೆಯನ್ನು ನಾನು ಇಲ್ಲಿಗೂ ಹೊತ್ತು ತಂದಿದ್ದೆ.

ಅವ್ವ ಬಂದದ್ದು ಮೇ ತಿಂಗಳಲ್ಲಿ. ಆಕೆ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ, ಪೋರ್ಟೊಬೆಲ್ಲೊ ಕಡಲತೀರವೋ ನಮ್ಮ ಮನೆಯಿಂದ ಒಂದೇ ಬಸ್ಸಿನ ದಾರಿ. ಒಂದು ಮಂಗಳವಾರ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಮೇ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ನಂತರ. "ಈಗ ಹೋಗಿ ಬರೋಣೇನಪ್ಪಾ?" ಎಂದು ಅವ್ವ ಕೇಳಿದಳು. ಶನಿವಾರ ಬುತ್ತಿ ಕಟ್ಟಿಕೊಂಡು ಇಡೀ ದಿನಕ್ಕೆ ಹೋಗೋಣ ಎಂದೆ.

ಹಾಗೆ ಹೇಳಲು ನನಗೆ ಆಧಾರವಿತ್ತು: ಶನಿವಾರಕ್ಕೆ ಫೋನ್ ಬಿಸಿಲಿನ ಚಿತ್ರವನ್ನೇ ತೋರಿಸುತ್ತಿತ್ತು, ಉಷ್ಣಾಂಶವೂ ಹಿತವಾಗಿತ್ತು. ನಾನು ನೋಡದೆ ಬಿಟ್ಟದ್ದು ಗಾಳಿಯ ದಿಕ್ಕನ್ನು. ಗಾಳಿ ಪೂರ್ವದ ಕಡಲಿನಿಂದ ಬೀಸತೊಡಗುವುದಿತ್ತು. ವಸಂತ ಮತ್ತು ಬೇಸಿಗೆಯ ಮೊದಲಲ್ಲಿ ನೆಲ ಬೆಚ್ಚಗಾದರೂ ಉತ್ತರ ಸಮುದ್ರದ ನೀರು ತಣ್ಣಗೇ ಇರುತ್ತದೆ. ತೇವ ತುಂಬಿದ ಬೆಚ್ಚನೆಯ ಗಾಳಿ ಅದರ ಮೇಲೆ ಹಾದು ಬರುವಾಗ ತಣಿದು, ಹನಿಗಟ್ಟಿ, ದಟ್ಟ ಮಂಜಾಗಿ ಪೂರ್ವ ಕರಾವಳಿಯನ್ನು ಕವಿಯುತ್ತದೆ. ಇಲ್ಲಿಯವರು ಅದನ್ನು ಹಾರ್ ಎನ್ನುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಾವು ಬಿಸಿಲನ್ನು ನಂಬಿ ಕೂರುವ ತಿಂಗಳುಗಳಲ್ಲೇ ಅದರ ಕಾಟ ಹೆಚ್ಚು. ಒಳನಾಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕರಗಿದರೂ ದಡದಲ್ಲಿ ಕೆಲವೊಮ್ಮೆ ದಿನಗಟ್ಟಲೆ ನಿಲ್ಲುತ್ತದೆ. ಆ ಶನಿವಾರ ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ದೂರದ ಗ್ಲಾಸ್ಗೋದಲ್ಲಿ ನನ್ನ ಸ್ನೇಹಿತರು ಬಿಸಿಲು ಕಾಯಿಸುತ್ತಿದ್ದರು. ಪೋರ್ಟೊಬೆಲ್ಲೊದಲ್ಲಿ ದಡಕ್ಕೆ ಬಂದು ಒಡೆಯುವ ಅಲೆಯಷ್ಟೇ ಕಂಡಿತು, ಅದರಾಚೆ ಸಮುದ್ರವೇ ಇರಲಿಲ್ಲ. ಭಾನುವಾರವೂ ಅಷ್ಟೇ. ಸೋಮವಾರ ಅವ್ವನ ವಿಮಾನವಿತ್ತು. ಮೊಣಕಾಲಿನ ನೋವಿನಿಂದ ಆಮೇಲೆ ಆಕೆಗೆ ಅಷ್ಟು ದೂರದ ಪ್ರಯಾಣ ಸಾಧ್ಯವಾಗಿಲ್ಲ.

ಆದ್ದರಿಂದ ಒಳ್ಳೆಯ ದಿನವನ್ನು ಹುಡುಕುವುದನ್ನೇ ಬಿಡಿ ಎನ್ನುತ್ತೇನೆ. ಅಟ್ಲಾಂಟಿಕ್‌ನಿಂದ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬರುವ ಈ ನಾಡಿನಲ್ಲಿ ಹವೆಯನ್ನು ಗಂಟೆಗಳಲ್ಲಿ ಅಳೆಯಬೇಕು. ಇಲ್ಲಿ ಬರೀ ಮಳೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಎಡಿನ್‌ಬರೋದ ವಾರ್ಷಿಕ ಮಳೆ ಸುಮಾರು 700 ಮಿ.ಮೀ., ಬೆಂಗಳೂರಿನದಕ್ಕಿಂತ ಕಡಿಮೆ. ಅದು ಜಿನುಗು ಮಳೆಯಾಗಿ ಬಹಳ ದಿನಗಳಿಗೆ ಹಂಚಿಹೋಗುವುದರಿಂದ ನಡುನಡುವೆ ಬಿಡುವು ಸಿಕ್ಕೇ ಸಿಗುತ್ತದೆ. ಬೆಳಿಗ್ಗೆ ಗಂಟೆವಾರು ಮುನ್ಸೂಚನೆ, ಮಳೆಯ ರೇಡಾರ್ ಮತ್ತು ಗಾಳಿಯ ದಿಕ್ಕು, ಈ ಮೂರನ್ನು ನೋಡಿ. ಪೂರ್ವದ ಗಾಳಿಯಿದ್ದರೆ ಕಡಲಿಗೆ ಹೋಗಬೇಡಿ, ಪೆಂಟ್‌ಲ್ಯಾಂಡ್ ಬೆಟ್ಟಗಳನ್ನು ಹತ್ತಿ. ಕೆಲವೊಮ್ಮೆ ಮಂಜೆಲ್ಲ ಕೆಳಗೆ ಉಳಿದು ನೀವು ಬಿಸಿಲಿನಲ್ಲಿರುತ್ತೀರಿ.

ರಜೆಯನ್ನು ಇದಕ್ಕೆ ಖರ್ಚು ಮಾಡಬೇಡಿ, ಊರಿಗೆ ಹೋಗಲು ಉಳಿಸಿಕೊಳ್ಳಿ. ನಿಮಗೆ ಬೇಕಾದದ್ದು ನಡುಹಗಲಿನ ಒಂದು ಗಂಟೆ. ಡಿಸೆಂಬರ್‌ನಲ್ಲಿ ಹಗಲೇ ಏಳು ಗಂಟೆಯಷ್ಟಿರುವಾಗ ಊಟದ ಬಿಡುವಿನಲ್ಲಿ ಹೊರಬೀಳದವರಿಗೆ ವಾರವಿಡೀ ಸೂರ್ಯನ ಮುಖ ಕಾಣುವುದಿಲ್ಲ. 2024ರ ಏಪ್ರಿಲ್ 6ರಿಂದ ಇಲ್ಲಿನ ನೌಕರರು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಕೆಲಸದ ವೇಳೆಯನ್ನು ಬದಲಿಸಿಕೊಡಿ ಎಂದು ಕೇಳಬಹುದು. ಮಾಲೀಕರು ಒಪ್ಪಲೇಬೇಕೆಂದಿಲ್ಲ, ಆದರೆ ಎರಡು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಅರ್ಜಿಯನ್ನು ಈ ವಾರವೇ ಕೊಡಿ, ಆಗ ಅಕ್ಟೋಬರ್‌ನ ಕತ್ತಲು ಕವಿಯುವ ಮೊದಲು ಉತ್ತರ ನಿಮ್ಮ ಕೈಯಲ್ಲಿರುತ್ತದೆ.