ಯಾರೂ ಹೇಳದ ಕೆಲಸ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಅಂಧೇರಿಯ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಯಾರೂ ಹೇಳದಿದ್ದರೂ ಒಂದು ಕೆಲಸ ಮಾಡಿಟ್ಟರೆ ಮರುದಿನದಿಂದ ಅದೂ ನನ್ನ ತಲೆಗೇ. ಗೊಣಗುವವರು ಆರಾಮಾಗಿ ಲೋಕಲ್ ಹಿಡಿದು ಮನೆ ಸೇರುತ್ತಾರೆ. ದುಡಿಯುವ ಎತ್ತಿಗೇ ನೊಗ ಅಲ್ವಾ ಸರ್? ಇನ್ನು ಮೇಲೆ ಹೇಳಿದಷ್ಟೇ ಮಾಡುತ್ತೇನೆ."

ತಂಗಿ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ದುಡಿದದ್ದಕ್ಕೆ ಪಗಾರ ಕೇಳುವುದು ಗೊಣಗಾಟವಲ್ಲ. ಕಾರ್ಖಾನೆಯ ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಅಂತ 1948ರಷ್ಟು ಹಿಂದೆಯೇ ಕಾಯ್ದೆ ಹೇಳಿತ್ತು. ನಿಮ್ಮ ಹಕ್ಕಿನದ್ದನ್ನು ನೀವೂ ಧೈರ್ಯವಾಗಿ ಕೇಳಿ. ಆದರೆ "ಹೇಳಿದಷ್ಟೇ ಮಾಡುತ್ತೇನೆ" ಅಂದಿರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ.

ಪುಣೆ ಪಕ್ಕದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಒಮ್ಮೆ ಹೋಗಿ ಬನ್ನಿ. ಮಳೆಗಾಲದಲ್ಲಿ ಅಲ್ಲಿ ಹೆಚ್ಚಾದ ನೀರು ಸುಮ್ನೆ ಹರಿದು ಹೋಗುತ್ತಿತ್ತು. ಆಗ ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದ ವಿಶ್ವೇಶ್ವರಯ್ಯನವರು, ನೀರು ಒಂದು ಮಟ್ಟಕ್ಕೆ ಬರುವ ತನಕ ತಡೆದು ನಿಲ್ಲಿಸಿ, ಮಟ್ಟ ಮೀರಿದರೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಯೋಚಿಸಿ ಮಾಡಿಸಿದರು. 1903ರಲ್ಲಿ ಅವನ್ನು ಕೂರಿಸಿದ್ದು. ಅಣೆಕಟ್ಟಿನ ಗೋಡೆ ಎತ್ತರಿಸದೆಯೇ ಜಾಸ್ತಿ ನೀರು ನಿಂತಿತು. ಫೈಲಿಗೆ ಸಹಿ ಹಾಕಿ ಪಗಾರ ಎಣಿಸಿಕೊಂಡಿದ್ದರೂ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಮುಂದೆ ಕನ್ನಂಬಾಡಿಗೂ ಅಂಥ ಬಾಗಿಲುಗಳೇ ಬಂದವು.

ಅಷ್ಟು ದೊಡ್ಡವರ ಮಾತು ಬೇಡ ಅನ್ನುತ್ತೀರಾ? ಮಾಟುಂಗಾದ ಒಂದು ಹೋಟೆಲಿನಲ್ಲಿ ಕಾರ್ಕಳ ಕಡೆಯ ಹುಡುಗನೊಬ್ಬ ಪಾತ್ರೆ ತೊಳೆಯುತ್ತಿದ್ದ. ಹಾಲಿನ ಲೆಕ್ಕ ದಿನಾ ತಪ್ಪುತ್ತಿತ್ತು, ಮಾಲಕರು ದಿನಾ ರೇಗುತ್ತಿದ್ದರು. ಈ ಹುಡುಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೆಳಿಗ್ಗೆ ಬಂದ ಹಾಲೆಷ್ಟು, ಚಹಾಕ್ಕೆ ಹೋದದ್ದೆಷ್ಟು, ರಾತ್ರಿ ಹೆಪ್ಪು ಹಾಕಿದ್ದೆಷ್ಟು ಅಂತ ಪೆನ್ಸಿಲಿನಲ್ಲಿ ಗೀಚಿಡತೊಡಗಿದ. ಒದ್ದೆ ಕೈಯ ಗುರುತು ಕಾಗದದ ತುಂಬಾ. ಅದು ಕಣ್ಣಿಗೆ ಬಿದ್ದ ವಾರವೇ ಮಾಲಕರು ಅವನನ್ನು ಸ್ಟೋರಿಗೆ ಹಾಕಿದರು, ಆಮೇಲೆ ಗಲ್ಲಾಕ್ಕೆ. ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಎಸ್ಸೆಸ್ಸಿಯೂ ಆಯಿತು. ಈಗ ಠಾಣೆಯಲ್ಲಿ ಅವನದೇ ಹೋಟೆಲಿದೆ. ಹೋಟೆಲ್ ಸಿಗದೇ ಹೋಗಿದ್ದರೂ ಲೆಕ್ಕದ ವಿದ್ಯೆ ಅವನದೇ ಆಗಿರುತ್ತಿತ್ತು, ಅದನ್ನು ಯಾವ ಮಾಲಕರೂ ಕಿತ್ತುಕೊಳ್ಳುವಂತಿಲ್ಲ. ನಿಮ್ಮ ತಲೆಗೆ ಬಿದ್ದಿದೆ ಅನ್ನುವ ಆ ಹೆಚ್ಚಿನ ಕೆಲಸವೂ ನಿಮ್ಮ ವಿದ್ಯೆಯೇ ತಂಗಿ. ಪತ್ರ ಬರೆದಿರುವ ರೀತಿ ನೋಡಿದರೆ ನೀವು ಜಾಣೆ, ಇದು ನಿಮಗೆ ತಿಳಿಯದ್ದಲ್ಲ.

ನನಗೆ ನಿಜವಾಗಿ ಸಂಕಟವಾಗುವುದು ನಮ್ಮ ಮುಂಬಯಿ ಕನ್ನಡಿಗರ ಈ ಚಾಳಿ ಕಂಡು. ಪಾಲಿಕೆಯ ಕನ್ನಡ ಶಾಲೆಗಳಿಗೆ ಮಕ್ಕಳು ಬರುತ್ತಿಲ್ಲ ಅಂತ ಪ್ರತಿ ಸಭೆಯಲ್ಲೂ ಗೋಳು. ಸರ್ಕಾರ ನೋಡಲಿಲ್ಲ, ಸಂಘದವರು ನೋಡಲಿಲ್ಲ, ಹೊಸ ತಲೆಮಾರಿಗೆ ಅಭಿಮಾನವಿಲ್ಲ. ಗೋಳು ಮುಗಿದ ಮೇಲೆ ಊಟ. ಊಟವಾದ ಮೇಲೆ ಕುರ್ಚಿ ಎತ್ತಿಡಲಿಕ್ಕೂ ಅದೇ ನಾಲ್ಕು ಜನ! ಚಾಳು ಚಾಳು ತಿರುಗಿ, ತಾಯಂದಿರ ಜೊತೆ ಕೂತು ಮಾತಾಡಿ, ಒಂದು ಮಗುವನ್ನಾದರೂ ಶಾಲೆಗೆ ಸೇರಿಸಿದವರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದಾರು?

ಜೂನ್‌ನಲ್ಲಿ ಶಾಲೆ ಶುರು. ಮೇ ತಿಂಗಳ ಭಾನುವಾರಗಳಲ್ಲಿ ನಮ್ಮ ಕೆಲವು ಓದುಗರು ಮನೆ ಮನೆಗೆ ಹೋಗುತ್ತಿದ್ದಾರೆ. ಡೊಂಬಿವಲಿಯಿಂದ ಯಾರೂ ಇಲ್ಲ. ನೀವು ಬರುತ್ತೀರಾ, ಬರೆದು ತಿಳಿಸಿ.