ಮೈಎಸ್‌ಕ್ಯುಎಲ್ ದಿನಾಂಕವನ್ನು ಪಿಎಚ್‌ಪಿಯಲ್ಲಿ ಟೈಮ್‌ಸ್ಟ್ಯಾಂಪ್ ಮಾಡಿದಾಗ ಐದೂವರೆ ಗಂಟೆ ಹೆಚ್ಚಾಗುವುದೇಕೆ?

ಡೇಟ್‌ಟೈಮ್ ಕಾಲಮ್ಮಿನಲ್ಲಿ 2024-08-15 10:00:00 ಇದೆ, ದಿನಾಂಕದ ಸ್ಟ್ರಿಂಗನ್ನು ಟೈಮ್‌ಸ್ಟ್ಯಾಂಪ್ ಸಂಖ್ಯೆ ಮಾಡುವ ಪಿಎಚ್‌ಪಿಯ ಸ್ಟ್ರ್‌ಟೊಟೈಮ್ ಫಂಕ್ಷನ್ ಹಾಕಿ ಬ್ರೌಸರಿಗೆ ಕಳಿಸಿದರೆ ಮಧ್ಯಾಹ್ನ 3:30 ಅಂತ ಕಾಣುತ್ತದೆ ಎಂದು ಕೇಳಿದ್ದೀರಿ. ದಯವಿಟ್ಟು ಐದೂವರೆ ಗಂಟೆ ಎಂದು 19800 ಸೆಕೆಂಡು ಕಳೆದು ಸರಿಮಾಡಲು ಹೋಗಬೇಡಿ. ಸರ್ವರ್ ಬದಲಾದ ದಿನ ಅದೇ ಸಾಲು ಎಲ್ಲವನ್ನೂ ಕೆಡಿಸುತ್ತದೆ.

ಡೇಟ್‌ಟೈಮ್ ಕಾಲಮ್ಮಿಗೆ ಟೈಮ್‌ಝೋನ್ ಎನ್ನುವುದೇ ಇಲ್ಲ. ಗೋಡೆ ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಟ್ಟ ಹಾಗೆ. ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಹಾಗಲ್ಲ, ಅದು 1970ರ ಜನವರಿ 1, ಯುಟಿಸಿ (ಜಗತ್ತಿಗೆಲ್ಲ ಮೂಲವಾದ ಸಮಯ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ) 00:00ರಿಂದ ಎಣಿಸಿದ ಸೆಕೆಂಡು. ಆದ್ದರಿಂದ ಪರಿವರ್ತಿಸುವಾಗ ಆ 10 ಗಂಟೆ ಎಲ್ಲಿಯದು ಎಂದು ಯಾರಾದರೂ ಹೇಳಲೇಬೇಕು. ನೀವು ಹೇಳದಿದ್ದರೆ ಸ್ಟ್ರ್‌ಟೊಟೈಮ್ ಪಿಎಚ್‌ಪಿಯ ಡೀಫಾಲ್ಟ್ ಝೋನನ್ನು ಹಿಡಿಯುತ್ತದೆ. ಯಾರೂ ಬದಲಿಸದಿದ್ದರೆ ಅದು ಯುಟಿಸಿ. ಆಗ ಸಿಗುವುದು 1723716000. ಭಾರತದ ಸಮಯವೆಂದು ಓದಿದ್ದರೆ 1723696200 ಸಿಗಬೇಕಿತ್ತು.

ನಾನು ಶಿಫಾರಸು ಮಾಡುವುದು ಡೇಟ್‌ಟೈಮ್‌ಇಮ್ಯೂಟಬಲ್ ಕ್ಲಾಸಿನ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್. ಮೊದಲ ಆರ್ಗ್ಯುಮೆಂಟು ಫಾರ್ಮ್ಯಾಟ್, ಎರಡನೆಯದು ಡೇಟಾಬೇಸಿನಿಂದ ಬಂದ ಸ್ಟ್ರಿಂಗ್, ಮೂರನೆಯದು ‘ಏಷ್ಯಾ/ಕೋಲ್ಕತಾ’ ಡೇಟ್‌ಟೈಮ್‌ಝೋನ್. ಅದರ ಮೇಲೆ ಗೆಟ್‌ಟೈಮ್‌ಸ್ಟ್ಯಾಂಪ್ ಕರೆಯಿರಿ. ಕರೆಯುವ ಮುಂಚೆ ಫಲಿತಾಂಶ ಫಾಲ್ಸ್ ಅಲ್ಲವೆಂದು ನೋಡಿಕೊಳ್ಳಿ. ಫಾರ್ಮ್ಯಾಟಿನಲ್ಲಿ ನಿಮಿಷಕ್ಕೆ ಸಣ್ಣ ಐ ಅಕ್ಷರ. ಸಣ್ಣ ಎಂ ಬರೆದರೆ ಅದು ತಿಂಗಳು. ಕಾಲಮ್ಮಿನಲ್ಲಿ ಬರೀ ದಿನಾಂಕವಿದ್ದರೆ ಫಾರ್ಮ್ಯಾಟಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಇಲ್ಲದಿದ್ದರೆ ಗಂಟೆ-ನಿಮಿಷಗಳ ಜಾಗಕ್ಕೆ ಕೋಡ್ ಓಡಿದ ಕ್ಷಣದ ಸಮಯ ಬಂದು ಕೂರುತ್ತದೆ, ಒಂದೇ ದಿನಾಂಕ ಪ್ರತಿ ಸಲ ಬೇರೆ ಸಂಖ್ಯೆ ಕೊಡುತ್ತದೆ. ಹುಡುಕಲು ಬಹಳ ಕಷ್ಟವಾಗುವ ಬಗ್ ಇದು.

ಎಸ್‌ಕ್ಯುಎಲ್‌ನಲ್ಲೇ ಯುನಿಕ್ಸ್_ಟೈಮ್‌ಸ್ಟ್ಯಾಂಪ್ ಫಂಕ್ಷನ್ ಬಳಸಬಹುದು, ಆದರೆ ಅದು ಪಿಎಚ್‌ಪಿಯ ಝೋನನ್ನು ನೋಡುವುದಿಲ್ಲ, ಮೈಎಸ್‌ಕ್ಯುಎಲ್ ಸೆಷನ್ನಿನ ಟೈಮ್_ಝೋನ್ ನೋಡುತ್ತದೆ. ಕನೆಕ್ಷನ್ ಆದ ಕೂಡಲೇ ಅದನ್ನು ‘+05:30’ ಎಂದು ಸೆಟ್ ಮಾಡಿ. ಊರಿನ ಹೆಸರು ಕೊಡಬೇಕೆಂದರೆ ಸರ್ವರಿನಲ್ಲಿ ಟೈಮ್‌ಝೋನ್ ಟೇಬಲ್‌ಗಳು ಲೋಡ್ ಆಗಿರಬೇಕು. ವೇರ್ ಷರತ್ತಿನಲ್ಲಿ ಮಾತ್ರ ಕಾಲಮ್ಮನ್ನು ಈ ಫಂಕ್ಷನ್ನಿನೊಳಗೆ ಹಾಕಬೇಡಿ, ಆ ಕಾಲಮ್ಮಿನ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ನಿಮ್ಮ ಸಂಖ್ಯೆಯನ್ನೇ ಫ್ರಮ್_ಯುನಿಕ್ಸ್‌ಟೈಮ್‌ನಿಂದ ದಿನಾಂಕ ಮಾಡಿ ಹೋಲಿಸಿ.

ಕಾಲಮ್ ಡೇಟ್‌ಟೈಮ್ ಬದಲು ಟೈಮ್‌ಸ್ಟ್ಯಾಂಪ್ ಟೈಪ್ ಆಗಿದ್ದರೆ ಮೈಎಸ್‌ಕ್ಯುಎಲ್ ಯುಟಿಸಿಯಲ್ಲಿ ಇಟ್ಟುಕೊಂಡು ಸೆಷನ್ ಝೋನಿಗೆ ತಿರುಗಿಸಿ ಕೊಡುತ್ತದೆ. ಅದರ ಮಿತಿ ಯುಟಿಸಿ 2038ರ ಜನವರಿ 19, 03:14:07. ಇಪ್ಪತ್ತು ವರ್ಷದ ಸಾಲದ ಕಂತುಗಳಂಥ ಮುಂದಿನ ದಿನಾಂಕ ಇಡುವವರು ಈಗಲೇ ಇದನ್ನು ಗಮನಿಸಬೇಕು.

ಬ್ರೌಸರಿನಲ್ಲಿ 1970ರ ಜನವರಿ 21 ಅಂತ ಬಂದರೆ ಗಾಬರಿ ಬೇಡ, ಜಾವಾಸ್ಕ್ರಿಪ್ಟ್ ಎಣಿಸುವುದು ಮಿಲಿಸೆಕೆಂಡಿನಲ್ಲಿ, 1000ದಿಂದ ಗುಣಿಸಿ. ಹಳೆಯ ಡೇಟಾದಲ್ಲಿ 0000-00-00 ಇದ್ದರೆ 64-ಬಿಟ್ ಪಿಎಚ್‌ಪಿ ದೊಡ್ಡ ಋಣ ಸಂಖ್ಯೆ ಕೊಡುತ್ತದೆ, ಫಾಲ್ಸ್ ಅಲ್ಲ. ಹಾಗಾಗಿ ಪರಿವರ್ತಿಸುವ ಮೊದಲೇ ತಡೆಯಿರಿ. ಫಾರ್ಮಿನಿಂದ ಬರುವ 05/08/2024 ಅನ್ನು ಸ್ಟ್ರ್‌ಟೊಟೈಮ್ ಅಮೆರಿಕದ ಕ್ರಮದಲ್ಲಿ ಮೇ 8 ಎಂದು ಓದುತ್ತದೆ, 05-08-2024 ಅನ್ನು ಆಗಸ್ಟ್ 5 ಎಂದು.

ಎಲ್ಲ ಸೆಟ್ ಆದ ಮೇಲೆ 1970-01-01 05:30:00 ಕೊಟ್ಟು ನೋಡಿ: ಭಾರತದ ಝೋನಿನಲ್ಲಿ ಸರಿಯಾಗಿ ಸೊನ್ನೆ ಬರಬೇಕು, 19800 ಬಂದರೆ ಇನ್ನೂ ಯುಟಿಸಿಯಲ್ಲೇ ಓದುತ್ತಿದೆ. ಜನ್ಮದಿನಾಂಕವನ್ನು ಮಾತ್ರ ಟೈಮ್‌ಸ್ಟ್ಯಾಂಪ್ ಮಾಡಲೇಬೇಡಿ. ನಮ್ಮಲ್ಲಿಯ ಮಧ್ಯರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ 6:30, ಎಲ್ಲೋ ಒಂದು ಕಡೆ ಝೋನ್ ತಪ್ಪಿದರೂ ಹುಟ್ಟಿದ ದಿನವೇ ಹಿಂದಕ್ಕೆ ಹೋಗುತ್ತದೆ. ಅದನ್ನು ಡೇಟ್ ಟೈಪಿನಲ್ಲೇ ಇಟ್ಟು ಸ್ಟ್ರಿಂಗಾಗಿಯೇ ತೋರಿಸಿ.